ಒಂದು ಸೇರು ತೌಡಿನ ಹೆಸರು

ನನ್ನ ಹೆಸರು ತೌಡಪ್ಪ. ನಗುವವರು ಈಗಲೇ ನಕ್ಕು ಮುಗಿಸಲಿ, ನಾನು ಕಾಯುತ್ತೇನೆ. ಕಾದು ಅಭ್ಯಾಸವಿದೆ.

ಮಿರಜಿನ ಶಾಲೆಯಲ್ಲಿ ಹಾಜರಿ ಕರೆಯುತ್ತಿದ್ದ ಮಾಸ್ತರರು ಮರಾಠಿಯವರು. ಅವರಿಗೆ ಈ ಹೆಸರಿನ ಅರ್ಥ ತಿಳಿಯುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತ ನಮ್ಮ ಪೇಟೆಯ ಕನ್ನಡ ಹುಡುಗರಿಗೆ ತಿಳಿಯುತ್ತಿತ್ತು. ಮಾಸ್ತರರು ಹೆಸರು ಕರೆದದ್ದೇ ತಡ, ಅವರು ಎಮ್ಮೆಯ ಹಾಗೆ ಒದರುತ್ತಿದ್ದರು. ಎಮ್ಮೆ ತೌಡು ತಿನ್ನುತ್ತದೆ ಎಂಬುದೇ ಅವರ ವಿನೋದದ ಉದ್ದ, ಅಗಲ, ಆಳ. ಅದೇ ವರ್ಗದಲ್ಲಿ ಹಳ್ಳಿಯಿಂದ ಬರುತ್ತಿದ್ದ ಇಬ್ಬರ ಹೆಸರು ಕೋಂಡಿಬಾ. ಮರಾಠಿಯಲ್ಲಿ ಕೋಂಡಾ ಎಂದರೂ ತೌಡೇ. ಆ ಹೆಸರು ಊರೂರಿಗೆ ಹತ್ತಿಪ್ಪತ್ತು ಮಂದಿಗಿದ್ದುದರಿಂದ ಯಾರೂ ನಗುತ್ತಿರಲಿಲ್ಲ. ಹತ್ತು ಮಂದಿ ಹೊತ್ತ ಮೂರ್ಖತನಕ್ಕೆ ಸಂಪ್ರದಾಯ ಎನ್ನುತ್ತಾರೆ, ಒಬ್ಬನೇ ಹೊತ್ತರೆ ಎಮ್ಮೆಯ ಹಾಗೆ ಒದರುತ್ತಾರೆ.

ಈ ಹೆಸರಿನ ಮೂಲ ಹುಡುಕಲು ಪಂಡಿತರು ಬೇಕಿಲ್ಲ. ಅಕ್ಕ ಹುಟ್ಟಿದ ಮೇಲೆ ಅವ್ವನಿಗೆ ಎರಡು ಗಂಡು ಕೂಸುಗಳು ಹುಟ್ಟಿ ಹೋದವು. ಆಮೇಲೆ ನಾನು ಬಂದೆ. ನನ್ನನ್ನು ಮೊರದಲ್ಲಿ ಮಲಗಿಸಿ ಹಿತ್ತಲ ಬಾಗಿಲಿನಿಂದ ಒಬ್ಬ ಹೆಂಗಸಿಗೆ ಕೊಟ್ಟುಬಿಟ್ಟರು. ಮಾಲಗಾಂವದ ಕಡೆಯಿಂದ ಕಂಬಳಿ ಮಾರಲು ಬರುತ್ತಿದ್ದ ಕುರುಬರಾಕೆ ಅವಳು. ಆರು ಹೆತ್ತು ಆರನ್ನೂ ಉಳಿಸಿಕೊಂಡಿದ್ದಳು, ಅದೇ ಅವಳ ಯೋಗ್ಯತೆ. ಅವಳು ಮೊರ ಹೊತ್ತು ಮನೆ ಸುತ್ತಿ ಮುಂಬಾಗಿಲಿಗೆ ಬಂದಳು. ಅವ್ವ ಒಂದು ಸೇರು ತೌಡು ಅಳೆದು ಕೊಟ್ಟು, ಯಾರದೋ ಮಗುವನ್ನು ಕೊಂಡವಳಂತೆ ನನ್ನನ್ನು ಒಳಗೆ ತಂದಳು. ಇಷ್ಟು ಅಗ್ಗದ ಸರಕನ್ನು ಸಾವು ಮುಟ್ಟುವುದಿಲ್ಲವಂತೆ. ಸಾವೆಂದರೆ ಬೆಲೆ ನೋಡಿ ಮಾಲು ಎತ್ತುವ ದಡ್ಡ ಗಿರಾಕಿ ಎಂದು ತಿಳಿದ ವ್ಯಾಪಾರಿ ಜನ ನಮ್ಮವರು.

ಸಾಂಗಲಿಯ ಕಾಲೇಜಿನಲ್ಲಿ ವಾದವಿವಾದದ ಸ್ಪರ್ಧೆಗಳಿಗೆ ನಿಲ್ಲಲು ಕಲಿತ ಮೇಲೆ ಈ ಕತೆಯನ್ನು ಮೂರು ನಿಮಿಷದಲ್ಲಿ ಸುಟ್ಟು ಹಾಕುವುದು ನನಗೆ ಸಲೀಸಾಯಿತು. ತೌಡಿಗೆ ಮಾರಿಯೂ ಸತ್ತ ಕೂಸುಗಳನ್ನು ಯಾರು ಎಣಿಸಿದ್ದಾರೆ? ಅವು ಬೆಳೆದು ಬಂದು ಸಾಕ್ಷಿ ಹೇಳುವುದಿಲ್ಲ. ಉಳಿದವನೊಬ್ಬನನ್ನು ತಂದು ನಿಲ್ಲಿಸಿ ತೌಡಿನ ಮಹಿಮೆ ಹಾಡುತ್ತಾರೆ. ಆ ನಿಲ್ಲಿಸಿದವನು ನಾನೇ ಆಗಿದ್ದರಿಂದ ನನಗೆ ಸಿಟ್ಟು ಸ್ವಲ್ಪ ಹೆಚ್ಚು.

ಕಾಲೇಜಿನ ಕೊನೆಯ ವರ್ಷದಲ್ಲಿ ಅಕ್ಕ ಬಾಣಂತನಕ್ಕೆ ಮಿರಜಿಗೆ ಬಂದಳು. ಅವಳನ್ನು ಕೊಟ್ಟಿದ್ದು ಸಾಂಗಲಿಯ ಅರಿಶಿಣದ ಪೇಟೆಯ ಮನೆಗೆ. ಅಲ್ಲಿ ಅವಳ ಎರಡು ಗಂಡುಮಕ್ಕಳು ತೀರಿಕೊಂಡಿದ್ದವು. ಮೊದಲನೆಯದು ತಿಂಗಳೊಳಗೆ ಹೋಯಿತು. ಎರಡನೆಯದು ಒಂದೂವರೆ ವರ್ಷ ಇದ್ದು, ನಡೆದು, ಮಾತು ಕಲಿತು ಹೋಯಿತು. ಈಗ ಮೂರನೆಯದು, ಮತ್ತೆ ಗಂಡು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು.

ಹಿಂದಿನ ದಿನ ಬಾಣಂತಿ ಕೋಣೆಗೆ ಹೋದೆ. ಅಜವಾನದ ಹೊಗೆಯಲ್ಲಿ ಅಕ್ಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವ್ವ ಸೇರು ಹಿಡಿದು ಓಡಾಡುತ್ತಿದ್ದಳು.

"ತೌಡು ತಂದಿಟ್ಟೇನಿ. ನಾಳೆ ಮುಂಜಾನೆ ಮೊರದಾಗ ಹಾಕೂದ," ಎಂದಳು ಅವ್ವ.

"ಬ್ಯಾಡ ಬೇ ಅವ್ವಾ. ಮನೀಗೊಂದು ತೌಡಿನ ಚೀಲಾ ಸಾಕು," ಎಂದೆ.

"ನೀ ಉಳದಿಯಿಲ್ಲೋ?"

"ಓಣ್ಯಾಗಿನ ನಾಯೀನೂ ಉಳದೈತಿ. ಅದನ್ನ ಯಾರು ಕೊಂಡಿದ್ರು?"

"ನೋಡ್ವಾ, ಕಾಲೇಜು ಕಲಿಸಿದ್ದಕ್ಕ ನಾಯಿ ಸುದ್ದಿ ಹೇಳಾಕ ಬಂದಾನ," ಎಂದು ಅವ್ವ ಅಕ್ಕನಿಗೆ ದೂರಿದಳು.

"ತೌಡಪ್ಪ ಅಂತನ ಇಡೂಣು," ಎಂದಳು ಅಕ್ಕ, ಕೂಸಿನಿಂದ ಕಣ್ಣು ತೆಗೆಯದೆ.

ನನಗೆ ತಡೆಯಲಿಲ್ಲ. ಅವ್ವ ಓದಿದವಳಲ್ಲ, ಬಿಡಬಹುದು. ಅಕ್ಕ ಏಳನೆಯ ವರ್ಗದ ಮುಲ್ಕಿ ಪರೀಕ್ಷೆಯವರೆಗೆ ಓದಿದವಳು. ನಿಂತಲ್ಲೇ ಭಾಷಣ ಹೊಡೆದೆ. ಹುಬ್ಬಳ್ಳಿ, ವಿಜಾಪುರದ ಮಂದಿ ರೈಲು ಹತ್ತಿ ಮಿರಜಿನ ದವಾಖಾನೆಗೆ ಬರುತ್ತಾರೆ, ನೀವು ದವಾಖಾನೆಯ ಮಗ್ಗುಲಲ್ಲಿದ್ದು ಮೊರ ಹುಡುಕುತ್ತೀರಿ ಎಂದೆ. ಸಾವಿಗೆ ತೌಡು ಯಾವುದು ಮುತ್ತು ಯಾವುದು ಗೊತ್ತಾಗದಿದ್ದರೆ ಅರಸರು ಎಲ್ಲರಿಗಿಂತ ಮೊದಲು ಮಕ್ಕಳಿಗೆ ತೌಡಪ್ಪ ಎಂದು ಹೆಸರಿಡುತ್ತಿದ್ದರು ಎಂದೆ. ಚೆನ್ನಾಗಿಯೇ ಇತ್ತು.

"ಮುಗೀತೇನು? ಚಪ್ಪಾಳಿ ಹೊಡೀತಿದ್ದೆ, ಕೈಯಾಗ ಕೂಸೈತಿ," ಎಂದಳು ಅಕ್ಕ. "ಅವ್ವಾ, ನೀ ಒಂದೀಟು ಹೊರಗ ಹೋಗು."

ಅವ್ವ ಹೋದ ಮೇಲೆ ಅವಳ ದನಿ ಇಳಿಯಿತು.

"ದವಾಖಾನಿ ಸುದ್ದಿ ನನಗ ಹೇಳಬ್ಯಾಡ. ಎರಡೂ ಸರತೆ ಅಲ್ಲಿಂದನ ಹೊರಗ ಬಂದೇನಿ, ಬರೇ ಕೈಲೆ. ತೌಡಿಗೆ ಸಾವು ಅಂಜತೈತಿ ಅಂತ ನಾ ಅಂದೆನೇನು?"

"ಮತ್ತ ಆ ಹೆಸರ್ಯಾಕ?"

"ಎರಡನೇದರ ಹೆಸರು ಇತ್ತಲ್ಲ. ನಾ ಬಾಯಿಲೆ ಅನ್ನಂಗಿಲ್ಲ. ಅರಮನಿ ಹೆಸರು."

ನನಗೆ ಗೊತ್ತಿತ್ತು. ಸಾಂಗಲಿ ಸಂಸ್ಥಾನದ ರಾಜಮನೆತನದ ಒಂದು ಹೆಸರು. ದರಬಾರಿನ ಕಣ್ಣಿಗೆ ಬೀಳುವ ಆಸೆಯಿಂದ ಸಾಂಗಲಿಯ ವ್ಯಾಪಾರಿಗಳು ತಮ್ಮ ಮಕ್ಕಳಿಗೆಲ್ಲ ಅದನ್ನೇ ಇಡುತ್ತಿದ್ದರು. ಹೊಟ್ಟೆಪಾಡಿನ ಭಕ್ತಿಗೆ ಇದಕ್ಕಿಂತ ಸೋವಿಯ ಹರಕೆ ಇಲ್ಲ.

"ನಮ್ಮ ಓಣ್ಯಾಗ ಆ ಹೆಸರಿನ ಹುಡುಗೂರು ಆರು ಮಂದಿ ಅದಾರ," ಎಂದಳು ಅಕ್ಕ. "ದೀಪಾ ಹಚ್ಚೂ ಹೊತ್ತಿಗೆ ಅವರವ್ವಗಳು ಬಾಗಲಾಗ ನಿಂತು ಕರೀತಾರ. ನನ್ನ ಕೂಸಿನ ಹೆಸರು ಹಿಡದು ಕರೀತಾರೋ, ದಿನಾ. ಎಷ್ಟೋ ಸರತೆ ಹಿಟ್ಟಿನ ಕೈಲೆ ಎದ್ದು ಬಾಗಲಕ್ಕ ಹೋಗೇನಿ. ಈಗ ನಮ್ಮ ಮಾವಾರು ಅದ ಹೆಸರು ತಿರುಗಿ ಇಡೂಣು ಅಂತಾರ. ಇದನ್ನ ಕರದ್ರ ನನ್ನ ಕಣ್ಣಮುಂದ ಯಾವುದು ಬರಬೇಕು ಹೇಳು? ನನಗ ಯಾರೂ ಇಡದ ಹೆಸರು ಬೇಕು. ಬ್ಯಾರೆಯವರ ಬಾಯಾಗ ಬರಬಾರದು."

"ಸಾವಿರ ಹೆಸರದಾವಲ್ಲ ಅಕ್ಕಾ."

"ಅವೆಲ್ಲಾ ಚಂದ ಅದಾವ. ಚಂದ ಇದ್ರ ನಾಳೆ ಮಗ್ಗಲ ಮನಿಯಾಕಿ ಇಡತಾಳ. ನಿನ್ನ ಹೆಸರು ಮಾತ್ರ ಯಾರೂ ಇಡಂಗಿಲ್ಲ. ಮಿರಜ ಸಾಂಗಲಿ ಕೂಡಿ ಒಬ್ಬನ ಅದಾನ, ಅವ ಇನ್ನೂ ಜಗಳಾ ಆಡಕೋತ ಅದಾನ."

ಎದುರಾಳಿ ಏನು ಹೇಳುತ್ತಾನೆಂದು ಕೇಳುವ ಮೊದಲೇ ಖಂಡನೆ ಬರೆದುಕೊಂಡು ಬರುವವರನ್ನು ನಾನು ವೇದಿಕೆಯ ಮೇಲೆ ಎಷ್ಟು ಹೀಯಾಳಿಸಿದ್ದೆ! ಆ ಕೋಣೆಯಲ್ಲಿ ಅಂಥವನು ನಾನೇ.

"ಮಾವಾರ ಮುಂದ ನಾ ಮಾತಾಡಂಗಿಲ್ಲ," ಎಂದಳು ಅವಳು. "ನೀ ಮಾತಾಡು. ಭಾಷಣದಾಗ ಕಪ್ಪು ಗೆದ್ದದ್ದು ಅಡಕಲ ಗಡಿಗ್ಯಾಗ ಇಡಾಕೇನು?"

ಮರುದಿನ ಮುಂಜಾನೆಯ ರೈಲಿಗೆ ಅಕ್ಕನ ಮಾವ ಬಂದಿಳಿದರು. ರೇಶಿಮೆಯ ರುಮಾಲು, ಬೆತ್ತ, ಜೊತೆಗೆ ನಮ್ಮ ಭಾವ, ಆತನ ತಂಗಿ. ತನ್ನ ಅಪ್ಪ ಮಾತಾಡುವಾಗ ತಲೆಯಾಡಿಸುವುದು ಭಾವನ ಕಸುಬು, ಅದರಲ್ಲಿ ಆತ ಎಂದೂ ತಪ್ಪಿದವನಲ್ಲ. ಪಡಸಾಲೆಯಲ್ಲಿ ಚಹಾ ಕೊಟ್ಟು, ನಿಜವಾದ ಕಾರಣವನ್ನೇ ಮೊದಲು ಹೇಳಿದೆ. ಅಕ್ಕನಿಗೆ ಆ ಹೆಸರು ಕೇಳಿದರೆ ಹೋದ ಕೂಸು ನೆನಪಾಗುತ್ತದೆ ಎಂದೆ.

"ಹೆಣಮಕ್ಕಳದು ಹಂಗಪಾ," ಎಂದರು ಅವರು, ಚಹಾ ಊದುತ್ತ. "ನಾಕ ದಿವಸ ಅಳತಾರ, ಮರೀತಾರ. ಮತ್ತ ನೀವು ಹೇಳೂ ಹೆಸರು ಏನದು? ಅಂಗಡ್ಯಾಗ ತೌಡಪ್ಪ ಅಂತ ಕೂಗಿದ್ರ ಮಂದಿ ಅರಿಶಿಣಾ ಕೊಳ್ಳಾಕ ಬರತಾರೋ, ದನಾ ಹೊಡಕೊಂಡು ಬರತಾರೋ?"

ಭಾವ ತಲೆಯಾಡಿಸಿದ. ಸತ್ಯ ಅಲ್ಲಿಗೆ ಸೋತಿತು. ಗೋದಾಮಿನ ಜಾಗಕ್ಕಾಗಿ ಈ ಮನುಷ್ಯ ದರಬಾರಿಗೆ ಅರ್ಜಿ ಹಾಕಿ ಕೂತಿದ್ದಾರೆಂದು ನನಗೆ ನೆನಪಾಯಿತು.

"ಕಾಕಾರ, ಒಂದು ಮಾತು. ನಿಮ್ಮ ಓಣ್ಯಾಗ ಆ ಹೆಸರಿನ ಹುಡುಗೂರ್ನ ಮನಿಯವರು ಬೈತಾರಿಲ್ರಿ?"

"ಬೈಲಾರದ ಮಕ್ಕಳು ಬೆಳೀತಾವೇನು?"

"ಹಂಗಾರ ನಾಳೆ ನೀವೂ ಅಂಗಡಿ ಕಟ್ಟೀಮ್ಯಾಲೆ ಕುಂತು ಬೈತೀರಿ. ಲೇ ಕತ್ತೆ, ಲೇ ಬೇಮಾನ, ಅಂತ ಅಂದು ಮುಂದ ಅರಮನಿ ಹೆಸರು ಹಚ್ಚತೀರಿ. ಹಾದ್ಯಾಗ ಸರಕಾರಿ ಸಿಪಾಯಿ ಹೊಂಟಿರತಾನ. ಯಾವ ಕತ್ತೆಗೆ ಅಂದ್ರಿ ಸಾವಕಾರ ಅಂತ ಅವ ನಿಂತು ಕೇಳತಾನೇನ್ರಿ, ಸೀದಾ ಹೋಗಿ ಮ್ಯಾಲಿನವರ ಕಿವೀಗೆ ಹಾಕತಾನೇನ್ರಿ?"

ಬಸಿಯಲ್ಲಿದ್ದ ಚಹಾ ಬಾಯಿಗೆ ಹೋಗದೆ ನಿಂತಿತು.

"ಅಂಥಾದ್ದು ಎಲ್ಲೆರ ಆಗೇತೇನು?"

"ಆಗೂದು ಬ್ಯಾಡಂತನ ಹೇಳಾಕತ್ತೇನ್ರಿ. ತೌಡಪ್ಪಗ ಎಷ್ಟರ ಬೈರಿ, ಯಾರೂ ಕೇಳಂಗಿಲ್ಲ. ಇಪ್ಪತ್ತೊಂದು ವರ್ಷದ ಅನುಭವ ಐತಿ ನನಗ."

ಅವರು ಮಗನ ಕಡೆ ನೋಡಿದರು. ಮಗ ಯಾವ ಮಾತಿಗೆ ತಲೆಯಾಡಿಸಬೇಕೆಂದು ತಿಳಿಯದೆ ಎರಡೂ ಕಡೆ ಆಡಿಸಿದ.

"ಸದ್ಯಕ್ಕ ಇರಲಿ," ಎಂದರು ಕೊನೆಗೆ. "ಸಾಲಿಗೆ ಹಾಕೂ ಮುಂದ ನೋಡೂಣು."

ಇಷ್ಟು ಕೊಳೆತ ವಾದವನ್ನು ನಾನು ಯಾವ ಸ್ಪರ್ಧೆಯಲ್ಲೂ ಹೂಡಿದವನಲ್ಲ. ಬುದ್ಧಿ ನೆಟ್ಟಗಿದ್ದ ಪಂಚರು ನನ್ನನ್ನು ವೇದಿಕೆಯಿಂದ ಇಳಿಸುತ್ತಿದ್ದರು. ಮಗು ಕಳೆದುಕೊಂಡವಳ ಮಾತು ಆ ಪಡಸಾಲೆಯಲ್ಲಿ ಅರ್ಧ ಕಪ್ಪು ಚಹಾದಷ್ಟೂ ಹೊತ್ತು ನಿಲ್ಲಲಿಲ್ಲ. ಸಿಪಾಯಿಯ ಕಿವಿ ಎಂದೊಡನೆ ದೊಡ್ಡ ಮನುಷ್ಯರು ಬೆವೆತರು. ಅವರ ರಾಜನಿಷ್ಠೆ, ಅವರ ವಂಶದ ಮರ್ಯಾದೆ, ಎಲ್ಲ ಸೇರಿ ಅಷ್ಟೇ ತೂಕದ್ದು.

ಅವ್ವ ತನ್ನ ಮೊರ, ತೌಡು ಬಿಡಲಿಲ್ಲ. ಎದುರು ಮನೆಯವಳನ್ನು ಕರೆದು ಮಾರುವ ಕೊಳ್ಳುವ ಆಟ ಮುಗಿಸಿದಳು. ನಾನು ಅಷ್ಟು ಹೊತ್ತು ಸ್ಟೇಶನ್ನಿನ ಕಡೆ ತಿರುಗಾಡಿ ಬಂದೆ. ಅಯ್ಯನವರು ವಿಭೂತಿ ಹಚ್ಚಿದ ಮೇಲೆ ಭಾವನ ತಂಗಿ ಮೂಗು ಮುರಿದು ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಕೂಸು ಈಗಲೂ ಗಟ್ಟಿಯಾಗಿದೆ, ಆ ಕೀರ್ತಿಯನ್ನೆಲ್ಲ ಅವ್ವ ತೌಡಿಗೇ ಒಪ್ಪಿಸಿದ್ದಾಳೆ. ಜ್ವರ ಬಂದಾಗಲೆಲ್ಲ ದವಾಖಾನೆಗೆ ಹೊತ್ತು ತಿರುಗಿದವಳು ಅಕ್ಕ ಎಂಬುದು ಅವಳ ವಾದಕ್ಕೆ ಬೇಕಿಲ್ಲದ ವಿವರ.

ಹೋದ ತಿಂಗಳು ಸಾಂಗಲಿಗೆ ಹೋಗಿದ್ದೆ. ಮಗು ನಡೆಯಲು ಕಲಿತು, ಓಣಿಯಲ್ಲಿ ಆಡುವ ಹುಡುಗರ ನಡುವೆ ಮಣ್ಣು ಕೆದರುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ಭಾವನಿಗೆ ಏನೋ ವಾದ ಹೇಳುತ್ತಿದ್ದೆ, ಆತ ತಲೆಯಾಡಿಸುತ್ತಿದ್ದ. ದೀಪ ಹಚ್ಚುವ ಹೊತ್ತಾಯಿತು. ಒಂದೊಂದೇ ಬಾಗಿಲಿನಿಂದ ತಾಯಂದಿರು ಅರಮನೆಯ ಹೆಸರನ್ನು ಕೂಗತೊಡಗಿದರು. ಒಬ್ಬಳು ಕರೆದರೆ ಮೂವರು ಹುಡುಗರು ತಿರುಗಿ, ಯಾರವ್ವ ಕರೆದದ್ದೆಂದು ಜಗಳವಾಡುತ್ತಿದ್ದರು. ಒಳಗೆ ಬೀಸುವ ಕಲ್ಲಿನ ಸದ್ದು ನಿಂತಿತು. ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಒಂದು ಕ್ಷಣ ಆ ಕೂಗುಗಳನ್ನು ಕೇಳುತ್ತ ಚೌಕಟ್ಟು ಹಿಡಿದು ನಿಂತಳು. ಆಮೇಲೆ, ಎಲ್ಲರ ದನಿಯನ್ನೂ ಮೀರಿಸಿ, ಕರೆದಳು.

"ತೌಡಪ್ಪಾ!"

ಇಡೀ ಓಣಿಯಲ್ಲಿ ತಿರುಗಿ ನೋಡಿದವರು ಇಬ್ಬರೇ.

"ನಿನಗಲ್ಲೋ ತಮ್ಮಾ," ಎಂದಳು ಅಕ್ಕ, ನನ್ನನ್ನು ದಾಟಿ ಹೋಗಿ ಮಗುವನ್ನು ಎತ್ತಿಕೊಳ್ಳುತ್ತ. "ನೀ ನಿನ್ನ ಭಾಷಣಾ ಮುಗಸು."