ಚರಂಡಿಯ ಮೇಲಿನ ಹೊರೆಗಲ್ಲು

ನಮ್ಮ ಮನೆ ಓನರಮ್ಮನ ನೆತ್ತಿಯ ಮೇಲೆ ಅಂಗೈಯಗಲ ಜಾಗದಲ್ಲಿ ಕೂದಲೇ ಇರಲಿಲ್ಲ. ಹುಡುಗಿಯಾಗಿದ್ದಾಗ ತರಕಾರಿ ಮಂಕರಿ ಹೊತ್ತು ಸಂತೆಗೆ ನಡೆದು ನಡೆದು ಸವೆದದ್ದಂತೆ. "ನನ್ ಕೂದ್ಲೆಲ್ಲ ನಮ್ಮಪ್ಪನ ಬದ್ನೆಕಾಯಿ ತಿಂದ್ಬುಟ್ಟೋ ಕಣಮ್ಮಿ" ಎಂದು ನಗುತ್ತಿದ್ದರು.

ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ನಾನು ಕೆಲಸದ ಮೇಲೆ ಗುಂಡ್ಲುಪೇಟೆಗೆ ಬಂದು ಅವರ ಮನೆಯಲ್ಲಿ ಬಾಡಿಗೆಗಿದ್ದೆ. ಸಂಜೆಯಾದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನನ್ನು ಸುತ್ತಾಟಕ್ಕೆ ಎಳೆಯುತ್ತಿದ್ದರು. ನಾನು ಅಂಗಡಿಯ ಬೋರ್ಡು ನೋಡಿಕೊಂಡು ನಡೆಯುವವಳು. ಅವರು ಮೊಬೈಲ್ ಅಂಗಡಿಯ ಗೋಡೆಯಲ್ಲಿ ಉಳಿದಿದ್ದ, ಎತ್ತು ಕಟ್ಟುವ ಕೊಂಡಿಯನ್ನೂ ಬೇಕರಿಗೆ ಮೆಟ್ಟಿಲಾಗಿದ್ದ ಒರಳುಕಲ್ಲನ್ನೂ ಮುಟ್ಟಿ ತೋರಿಸುತ್ತಿದ್ದರು. ಒಮ್ಮೆ ನನ್ನ ಜೊತೆ ಚಾಮರಾಜನಗರಕ್ಕೆ ಬಂದವರು, ಹಳೇ ಮನೆಯೊಂದರ ಜಗಲಿಯಲ್ಲಿ ಕೊರೆದಿದ್ದ ಚೌಕಾಬಾರದ ಮನೆಗಳನ್ನು ಕಂಡು ಅಲ್ಲೇ ಕೂತುಬಿಟ್ಟರು. ಬಸ್ಸು ತಪ್ಪಿತು. ಸಿಟ್ಟು ಬಂದದ್ದು ನನಗೆ, ಅವರಿಗಲ್ಲ.

ಅವರು ನಿಜಕ್ಕೂ ಹುಡುಕುತ್ತಿದ್ದದ್ದು ಒಂದೇ ಒಂದನ್ನು ಎಂದು ಆಮೇಲೆ ತಿಳಿಯಿತು. ಅವರ ಅಕ್ಕ ತುಂಬು ಬಸುರಿಯಾಗಿದ್ದಾಗ ತೀರಿಕೊಂಡಿದ್ದಳು. ಹಾಗೆ ಹೊಟ್ಟೆಯ ಹೊರೆ ಇಳಿಸದೆ ಹೋದವಳ ಹೆಸರಲ್ಲಿ ದಾರಿಯ ಪಕ್ಕ ಹೊರೆಗಲ್ಲು ನಿಲ್ಲಿಸುವುದು ಹಿಂದಿನವರ ಪದ್ಧತಿ. ಎರಡು ಕಲ್ಲುಕಂಬ, ಮೇಲೊಂದು ಅಡ್ಡಗಲ್ಲು. ದಾರಿಹೋಕರು ಅದರ ಮೇಲೆ ತಲೆಹೊರೆ ಇಟ್ಟು ಸುಧಾರಿಸಿಕೊಂಡರೆ ಅವಳ ಹೊರೆಯೂ ಇಳಿಯುತ್ತದಂತೆ. ಅಪ್ಪ ನಿಲ್ಲಿಸಿದ ಆ ಕಲ್ಲಿನ ಮೇಲೆ ಇವರೂ ಎಷ್ಟೋ ಸಲ ಮಂಕರಿ ಇಳಿಸಿದ್ದರು. ರಸ್ತೆ ಅಗಲ ಮಾಡುವಾಗ ಯಾರೋ ಅದನ್ನು ಕಿತ್ತು ಹಾಕಿದರು.

ಕೊನೆಗೂ ಅಡ್ಡಗಲ್ಲು ಸಿಕ್ಕಿತು. ಲಾರಿಗಳು ನಿಲ್ಲುವ ಕಡೆ, ಟೀ ಅಂಗಡಿಯ ಮುಂದೆ ಚರಂಡಿಗೆ ಚಪ್ಪಡಿಯಾಗಿತ್ತು. ಅಂಚಿನಲ್ಲಿ ಅಪ್ಪ ಕೆತ್ತಿಸಿದ್ದ ಬಳೆ ತೊಟ್ಟ ಕೈಯನ್ನು ಓನರಮ್ಮ ಬೆರಳಿನಿಂದ ಸವರಿ ಗುರುತು ಹಿಡಿದರು. ಅಂಗಡಿಯ ಸಾಹೇಬರು ಪಾಪ, ವಿಷಯ ಕೇಳಿ ಕಂಗಾಲಾದರು.

"ಗೊತ್ತಿರ್ಲಿಲ್ಲ ಅಮ್ಮಾ, ರೋಡ್ ಪಕ್ಕ ಬಿದ್ದಿತ್ತು. ಈಗ್ಲೇ ಎತ್ತಿಸ್ತೀನಿ, ಎಲ್ಲಿ ನಿಲ್ಲಿಸ್ಬೇಕು ಹೇಳಿ."

"ಕಂಬ್ವೇ ಇಲ್ವಲ್ಲಪ್ಪ, ಎಂಗ್ ನಿಲ್ಸೀಯೆ? ಕಂಬ ಸಿಕ್ಲಿ, ಆಮೇಕೆ ಎತ್ತುಸ್ಬುಡನ."

ಹೊಸ ಕಂಬ ಮಾಡಿಸೋಣ ಎಂದೆ. "ನಮ್ಮಪ್ಪ ನಿಲ್ಸಿದ್ದೇ ಆಗ್ಬೇಕು ಕಣಮ್ಮಿ" ಎಂದರು. ಹಟವೆಂದರೆ ಅಂಥ ಹಟ.

ಕಂಬ ಸಿಗಲಿಲ್ಲ. ಮೊಣಕಾಲು ಸೋಲುವವರೆಗೂ ಹುಡುಕಿದರು. ಮಂಚ ಹಿಡಿದ ಮೇಲೂ ನಾನು ಕೆಲಸದಿಂದ ಬಂದ ಕೂಡಲೇ "ಇವತ್ತು ಯಾವ್ ಬೀದೀಲ್ ಬಂದೆ?" ಎಂದು ವಿಚಾರಿಸುತ್ತಿದ್ದರು. ಒಂದು ದಿನ ಗೋಡೆಯ ಕಡೆ ತಿರುಗಿಕೊಂಡು, "ನಮ್ಮಕ್ಕ ಇನ್ನೂ ಒತ್ಕಂಡೇ ಅವ್ಳೆ" ಎಂದರು. ಆ ಬೇಸಿಗೆಯಲ್ಲೇ ಅವರು ಹೋಗಿಬಿಟ್ಟರು.

ಅವರ ಕಾರ್ಯವೆಲ್ಲ ಮುಗಿದ ಮೇಲೆ ಒಂದು ಸಂಜೆ ಆ ಟೀ ಅಂಗಡಿಯ ಕಡೆ ಹೋದೆ. ಹಮಾಲಿಯೊಬ್ಬ ಬೆನ್ನ ಮೇಲಿನ ಈರುಳ್ಳಿ ಮೂಟೆಯನ್ನು ಆ ಚಪ್ಪಡಿಯ ಮೇಲಿಳಿಸಿ, "ಉಸ್ಸಪ್ಪಾ, ಶಿವ್ನೇ" ಎಂದು ನೆಟ್ಟಗಾದ.

ಸಾಹೇಬರು ಅವನಿಗೆ ಟೀ ಕೊಡುತ್ತಾ ನನ್ನ ಕಡೆ ನೋಡಿದರು. "ಮೊದ್ಲಿಂದ್ಲೂ ಎಲ್ರೂ ಇಲ್ಲೇ ಇಳಿಸ್ತಾರೆ ಮೇಡಂ."

ಕಂಬಕ್ಕಾಗಿ ಊರೆಲ್ಲ ಅಲೆದ ನಾವಿಬ್ಬರೂ ಅಲ್ಲಿ ಒಂದು ಗಳಿಗೆ ಸುಮ್ಮನೆ ಕೂತು ಟೀ ಕುಡಿಯಲಿಲ್ಲವಲ್ಲ. ಕುಡಿದಿದ್ದರೆ ಇದು ಅವರ ಕಣ್ಣಿಗೂ ಬೀಳುತ್ತಿತ್ತು. ಓಡಿಹೋಗಿ ಹೇಳಬೇಕೆನ್ನಿಸಿತು. ಯಾರಿಗೆ ಹೇಳಲಿ?