ಅಮ್ಮನ ತಮ್ಮನೇ ನನ್ನ ಗಂಡ

ನನ್ನ ಗಂಡ ನನ್ನ ಅಮ್ಮನ ಕೊನೆಯ ತಮ್ಮ. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ಹಿಂದಿನಿಂದ ಬಂದದ್ದು. ಚಿಕ್ಕವಳಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಹಲಸೂರು ಕೆರೆಯ ಸುತ್ತ ತಿರುಗಿದವನೂ ಅವನೇ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ, ವೀಸಾ ಅರ್ಜಿ ಹಾಕುವ ತನಕ.

ತೊಂಬತ್ತರ ದಶಕದಲ್ಲಿ ಅವನು ಅಡುಗೆ ಕೆಲಸಕ್ಕೆಂದು ಹೊರದೇಶಕ್ಕೆ ಹೋದ. ಆ ದೇಶದ ಹೆಸರು ಬರೆಯುವುದಿಲ್ಲ. ಅದು ನನ್ನನ್ನು ಕರೆಯಲಿಲ್ಲ, ನಾನೂ ಅದನ್ನು ಕರೆಯುವುದಿಲ್ಲ. ಕೆಲಸ ಕಾಯಂ ಆದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳಬಹುದು ಎಂದರು. ರಸೆಲ್ ಮಾರುಕಟ್ಟೆಯ ಹೊರಗೆ ನಾನು ಸೊಪ್ಪು ಮಾರುತ್ತಿದ್ದ ಜಾಗವನ್ನು ಪಕ್ಕದವಳಿಗೆ ಬಿಟ್ಟುಕೊಟ್ಟೆ, ನಾಳೆಯೇ ವಿಮಾನ ಹತ್ತುವವಳ ಹಾಗೆ.

ಮದುವೆ ಪತ್ರ ಕೇಳಿದರು, ಕೊಟ್ಟೆ. ಫೋಟೊ ಕೇಳಿದರು, ಕೊಟ್ಟೆ. ಎದೆಯ ಎಕ್ಸ್‌ರೇ ತೆಗೆಸು ಎಂದರು, ತೆಗೆಸಿದೆ. ಆಮೇಲೆ ಮದ್ರಾಸಿಗೆ ಕರೆದರು. ಗಾಜಿನಾಚೆ ಕೂತಿದ್ದ ಅಧಿಕಾರಿಗೆ ಕನ್ನಡ ಬಾರದು. ಪಕ್ಕದಲ್ಲಿದ್ದ ಹುಡುಗಿ ಅವನ ಪರವಾಗಿ ಕೇಳುತ್ತಿದ್ದಳು.

"ಮದ್ವೆಗೆ ಮುಂಚೆ ಅವ್ರು ನಿಮ್ಗೆ ಗೊತ್ತಿದ್ರಾ?"

"ಹುಟ್ಟಿದಾಗ್ಲಿಂದ. ನಮ್ಮಮ್ಮನ ತಮ್ಮ."

"ಇನ್ನೊಂದ್ಸಲ ಹೇಳಿ."

"ನಮ್ಮಮ್ಮನ ತಮ್ಮ ಕಣಮ್ಮ. ಒಡಹುಟ್ಟಿದವ್ನು."

ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅವನ ಪೆನ್ನು ನಿಂತಿತು. ಅಂದು ನಿಂತ ಅರ್ಜಿ ಎರಡು ಮಳೆಗಾಲ ಕಳೆದರೂ ಅಲ್ಲಾಡಲಿಲ್ಲ. ಅವರ ಕಾಯಿದೆಯಲ್ಲಿ ಇಂಥ ಮದುವೆ ಮದುವೆಯೇ ಅಲ್ಲವಂತೆ. ಹಾಗೆಂದು ಆಗುವುದಿಲ್ಲ ಎಂದೂ ಹೇಳಲಿಲ್ಲ. ಕೇಳಿದಾಗಲೆಲ್ಲ "ಪರಿಶೀಲನೆಯಲ್ಲಿದೆ" ಎನ್ನುವುದೊಂದೇ ಉತ್ತರ. ಅಷ್ಟರಲ್ಲಿ ಎಕ್ಸ್‌ರೇ ಹಳತಾಯಿತು, ಮತ್ತೆ ತೆಗೆಸು ಎಂದರು. ನನ್ನ ಎದೆಯೊಳಗೆ ಹೊಸದಾಗಿ ಸೇರಿದ್ದು ಸಿಟ್ಟು ಮಾತ್ರ.

ಶಿವಾಜಿನಗರದಲ್ಲಿ ಅರ್ಜಿ ತುಂಬಿಕೊಡುವ ಏಜೆಂಟ್ ಒಂದು ದಾರಿ ಹೇಳಿದ. "ಅವತ್ತು ಬಾಯ್ತಪ್ಪಿ ಹೇಳ್ದೆ, ಅವ್ರು ದೂರದ ನೆಂಟ್ರು ಅಂತ ಅಫಿಡವಿಟ್ ಮಾಡ್ಸಣ ಅಕ್ಕಾ. ನಿಮ್ಮಮ್ಮ ಒಂದು ಹೆಬ್ಬೆಟ್ಟು ಒತ್ತಿದ್ರೆ ಆಯ್ತು."

"ನೀನೇ ಬಂದು ನಮ್ಮಮ್ಮನ್ನ ಕೇಳಪ್ಪ. ಬರೋವಾಗ ತಲೆಗೆ ಹೆಲ್ಮೆಟ್ ಹಾಕ್ಕೊಂಡ್ ಬಾ."

ಮರ್ಫಿ ಟೌನಿನ ನಮ್ಮ ಬೀದಿಯ ಅಂಗಡಿಗೆ ಭಾನುವಾರ ಗಂಡನ ಫೋನು ಬರುತ್ತಿತ್ತು. ಏಜೆಂಟ್ ಅವನ ಕಿವಿಯಲ್ಲೂ ಊದಿದ್ದ.

"ಬರ್ಕೊಟ್ಬಿಡೇ. ಬರೀ ಪೇಪರ್ ತಾನೆ?"

"ನಾನ್ಯಾಕೆ ಹೇಳ್ಲಿ ಮಾವ? ನಿಮ್ಮಕ್ಕ ಇಲ್ಲೇ ಇದಾಳೆ, ನೀನೇ ಹೇಳು."

ಫೋನನ್ನು ಅಮ್ಮನ ಕಿವಿಗೆ ಹಿಡಿದೆ. ಅಮ್ಮ ಕೇಳಿದಳು: "ಹೇಳೋ, ನಾನ್ ನಿಂಗೆ ಏನಾಗ್ಬೇಕು?"

ಅವನು ಏನೆಂದನೋ. ಅಮ್ಮ "ಊಟ ಮಾಡಿದ್ಯಾ?" ಎಂದು ಕೇಳಿ ಫೋನು ನನಗೆ ಕೊಟ್ಟಳು.

"ನಾನು ಬರಲ್ಲ ಮಾವ," ಎಂದೆ. "ಹೆಂಡ್ತಿ ಬೇಕಾದ್ರೆ ನೀನ್ ಬಾ. ಇಲ್ಲಿಗ್ ಬರೋಕೆ ನಿಂಗೆ ಯಾರ್ ವೀಸಾನೂ ಬೇಡ."

ಮಾರನೆಯ ಬೆಳಿಗ್ಗೆ ಮಾರುಕಟ್ಟೆಗೆ ಹೋದೆ. ಪಕ್ಕದವಳು ನಕ್ಕಳು. "ಏನಕ್ಕಾ, ಫಾರಿನ್ ಹೋಗ್ಲಿಲ್ವಾ?"

"ಫಾರಿನ್ನೇ ಬೇಡ ಅಂದೆ. ನಿನ್ ಗೋಣಿ ಆಕಡೆ ಎಳ್ಕೋ."

ಮುಂದಿನ ವರ್ಷ ಅವನು ಬಂದ. ಈಗ ಕಲ್ಯಾಣ ನಗರದ ಕಡೆ ಮದುವೆ ಅಡುಗೆಗೆ ಹೋಗುತ್ತಾನೆ. ಅಲ್ಲಿಯ ಸಂಬಳ ಇಲ್ಲಿಲ್ಲ ಎಂದು ಆಗಾಗ ಗೊಣಗುತ್ತಾನೆ, ಗೊಣಗಲಿ. ಎಕ್ಸ್‌ರೇಯನ್ನು ಅಡುಗೆಮನೆ ಕಿಟಕಿಯ ಒಡೆದ ಗಾಜಿಗೆ ಅಡ್ಡವಾಗಿ ಅಂಟಿಸಿದ್ದೇನೆ. ಎರಚಲು ಒಳಗೆ ಬರುವುದಿಲ್ಲ.