ದೊಡ್ಡಮ್ಮ ಎತ್ತಿಕೊಂಡ ಕೂಸು

ಪಕ್ಕದ ಮನೆಯಲ್ಲಿ ಎಳೆಗೂಸಿನ ನೆತ್ತಿಗೆ ಹರಳೆಣ್ಣೆ ಬಿಸಿಮಾಡುವ ಘಾಟು ಬಂದಾಗೆಲ್ಲ, ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂತುಬಿಡುತ್ತೇನೆ. ದೊಡ್ಡಬೆಳವಂಗಲದ ನಮ್ಮ ಹೆಂಚಿನ ಮನೆ, ಅದರ ಮಬ್ಬು ಬೆಳಕಿನ ನಡುಮನೆ, ಗೋಡೆಗೊರಗಿ ಕೂತ ದೊಡ್ಡಮ್ಮ ಕಣ್ಣಿಗೆ ಕಟ್ಟುತ್ತಾರೆ. ನನ್ನ ತಂಗಿ ಲತಾ ಏಳು ತಿಂಗಳಿಗೇ ಹುಟ್ಟಿದವಳು. ತೂಕ ಒಂದೂವರೆ ಕೆಜಿಯೂ ಇರಲಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ನರ್ಸು, ಕೂಸನ್ನು ಬರಿಮೈಗೆ ಅವುಚಿಕೊಂಡೇ ಇರಬೇಕು ಎಂದಿದ್ದರು. ಅಮ್ಮನಿಗೋ ಜ್ವರ, ಎದ್ದು ಕೂರಲು ತ್ರಾಣವಿಲ್ಲ. ಮಕ್ಕಳಿಲ್ಲದ, ದೊಡ್ಡಪ್ಪ ತೀರಿಕೊಂಡ ಮೇಲೂ ನಮ್ಮೊಂದಿಗೇ ಉಳಿದಿದ್ದ ದೊಡ್ಡಮ್ಮ, "ಕೊಡಿಲ್ಲಿ, ನಾನಿಟ್ಕೊಂಡಿರ್ತೀನಿ" ಎಂದು ಸೆರಗಿನೊಳಗೆ ಸೇರಿಸಿಕೊಂಡವರು, ಹಾಲು ಕುಡಿಸುವ ಹೊತ್ತು ಬಿಟ್ಟರೆ ಎರಡು ತಿಂಗಳು ಕೆಳಗಿಳಿಸಲಿಲ್ಲ.

ಕೂಸು ಉಳಿಯಿತು. ಆದರೆ ಎಲ್ಲವೂ ತಡ. ಓರಗೆಯ ಮಕ್ಕಳು ಬೀದಿಯಲ್ಲಿ ಓಡಾಡುವಾಗ ಲತಾ ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದಳು. ರಾಗಿ ಕಣದಲ್ಲಿ ದೊಡ್ಡಮ್ಮ ನಡು ಬಗ್ಗಿಸಿ, ಅವಳ ಎರಡೂ ಕೈ ಹಿಡಿದು ದಿನವೂ ನಡೆಸಿ ನಡೆಸಿ, ಮೂರು ತುಂಬುವ ಹೊತ್ತಿಗೆ ಕಾಲು ಬಂತು. ಮಾತು ಅದಕ್ಕೂ ತಡ. ಒಂದನೇ ಕ್ಲಾಸಿನಲ್ಲಿ ಅವಳು ಎರಡನೇ ವರ್ಷ ಕೂತಿದ್ದಾಗ ನಾನು ಅದೇ ಶಾಲೆಯಲ್ಲಿ ಏಳನೇ ಕ್ಲಾಸು. ಒಂದು ಮಧ್ಯಾಹ್ನ ಅವಳು ಲಂಗ ಒದ್ದೆ ಮಾಡಿಕೊಂಡು ಅಳುತ್ತ ನಿಂತಿದ್ದಳು. ಗೆಳತಿಯೊಬ್ಬಳು ನಗುತ್ತ, "ಇವ್ಳು ನಿನ್ ತಂಗಿ ಅಲ್ವೇನೇ?" ಎಂದಳು. "ಅಲ್ಲ, ನಮ್ ದೊಡ್ಡಮ್ಮನ ಮಗ್ಳು" ಎಂದುಬಿಟ್ಟೆ. ನನ್ನ ಹಿಂದೆಯೇ, ಗೇಟಿನ ಹತ್ತಿರ, ಲತಾಳನ್ನು ಕರೆದೊಯ್ಯಲು ಬಂದ ದೊಡ್ಡಮ್ಮ ನಿಂತಿದ್ದರು. ಬೈಯಲಿಲ್ಲ. ಲತಾಳ ಕೈ ಹಿಡಿದು, ಆ ಹುಡುಗಿಗೆ, "ಹೂಂ ಕಣವ್ವ, ನನ್ ಮಗ್ಳೇ" ಎಂದು ಕರೆದುಕೊಂಡು ಹೋದರು. ಮನೆಯಲ್ಲೂ ಯಾರಿಗೂ ಹೇಳಲಿಲ್ಲ. ಅಂದು ಅವರು ಎಂದಿನಂತೆಯೇ ಬಡಿಸಿದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಆ ಮಾತನ್ನು ಇಪ್ಪತ್ತು ವರ್ಷ ಹೊತ್ತುಕೊಂಡೇ ತಿರುಗಿದೆ. ದೊಡ್ಡಮ್ಮ ಹಾಸಿಗೆ ಹಿಡಿದಾಗ ಒಂದು ದಿನ, ಗಂಜಿ ಕುಡಿಸುತ್ತ, "ಅವತ್ತು ಸ್ಕೂಲಲ್ಲಿ ಹಂಗಂದಿದ್ದು ತಪ್ಪಾಯ್ತು ದೊಡ್ಡಮ್ಮ" ಎಂದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, "ಬಿಡು. ನೀನು ಹಂಗಂದಿದ್ದಕ್ಕೇ ಒಂದ್ಸಲನಾದ್ರೂ ಅವ್ಳನ್ನ ಬಾಯ್ತುಂಬ ನನ್ ಮಗ್ಳು ಅನ್ನೋಕಾಯ್ತು" ಎಂದರು. ಕೈಯಲ್ಲಿದ್ದ ಲೋಟ ಕೆಳಗಿಟ್ಟು ಎದ್ದು ಹೊರಗೆ ಹೋದೆ.

ಅವರು ಹೋದ ಮರುವರ್ಷ ಅಪ್ಪ, ಚಿಕ್ಕಪ್ಪ ಆಸ್ತಿ ಪಾಲುಮಾಡಿಕೊಂಡರು, ಮನೆ ಕೆಡವಿದರು. ಈಗ ಅಲ್ಲಿ ಬಾಡಿಗೆ ರೂಮುಗಳ ಸಾಲು. ಹತ್ತನೇ ಕ್ಲಾಸು ಹೇಗೋ ದಾಟಿದ ಲತಾ ದೊಡ್ಡಬಳ್ಳಾಪುರದಲ್ಲಿ ನನ್ನ ಜೊತೆಗಿದ್ದಾಳೆ, ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಸಂಜೆ ಇಬ್ಬರೂ ದಣಿದು ಬಂದು, ಎದುರುಬದುರು ಕೂತು ಉಣ್ಣುತ್ತೇವೆ. ದೊಡ್ಡಮ್ಮನ ಸುದ್ದಿ ಮಾತ್ರ ಎತ್ತುವುದಿಲ್ಲ. ಎತ್ತಿದ ದಿನ ಇಬ್ಬರ ತಟ್ಟೆಯಲ್ಲೂ ಅನ್ನ ಉಳಿಯುತ್ತದೆ.